ಪಾಲಮ್ಮನ ಕೂಗು ಕಳುವಾದದ್ದು

ಕಳೆದ ತಿಂಗಳು ನಾನು ಕೂತಿದ್ದ ಬಸ್ಸಿಗೆ ಕುರಿಗಳು ಮುತ್ತಿಗೆ ಹಾಕಿದವು.

ಅಡ್ಡ ಬಂದವು ಅಂದಿದ್ದರೆ ನೀವು ನಂಬುತ್ತಿದ್ದಿರಿ. ನಮ್ಮ ಕಡೆ ರಸ್ತೆ ಇರುವುದೇ ಕುರಿಗಳಿಗೆ, ಬಸ್ಸುಗಳು ನಡುನಡುವೆ ಓಡಾಡಿಕೊಂಡಿರುತ್ತವೆ ಅಷ್ಟೆ. ಇದು ಹಾಗಲ್ಲ. ಚಳ್ಳಕೆರೆಯಿಂದ ಹೊರಟ ಪ್ರೈವೇಟ್ ಬಸ್ಸು ಕುದಾಪುರದ ಹತ್ತಿರ, ಹುಲ್ಲುಗಾವಲಿನ ಪಕ್ಕ, ಯಾರನ್ನೋ ಇಳಿಸಲು ನಿಂತಿತ್ತು. ನನ್ನ ಮುಂದಿನ ಸೀಟಿನ ಹೆಂಗಸು ಕಿಟಕಿಗೆ ಮೊಣಕೈ ಊರಿ ಫೋನಿನಲ್ಲಿ ರೀಲ್ ನೋಡುತ್ತಿದ್ದಳು, ಫುಲ್ ವಾಲ್ಯೂಮ್. (ಇಯರ್‌ಫೋನ್ ಎಂಬ ವಸ್ತು ನಮ್ಮ ಬಸ್ಸುಗಳನ್ನು ಇನ್ನೂ ಹತ್ತಿಲ್ಲ.) ಅದರೊಳಗಿಂದ ಯಾರೋ ಒಬ್ಬಳು ಕೂಗಿದಳು. ತುಟಿಯಲ್ಲಿ ಸಣ್ಣದೊಂದು ತುರ್ರ್, ಆಮೇಲೆ ಎಳೆದು ಎಳೆದು, "ರಾ... ರಾವಮ್ಮಾ... ರಾ..."

ದೂರದಲ್ಲಿ ಮೇಯುತ್ತಿದ್ದ ಹಿಂಡು ಒಟ್ಟಿಗೆ ತಲೆ ಎತ್ತಿತು.

ಆ ರೀಲ್ ಮುಗಿದು ತಾನಾಗಿಯೇ ಮತ್ತೆ ಶುರುವಾಯಿತು. ಹಿಂಡು ಹೊರಟೇಬಿಟ್ಟಿತು. ಡ್ರೈವರ್ ಗೇರ್ ಹಾಕುವಷ್ಟರಲ್ಲಿ ಬಸ್ಸಿನ ಸುತ್ತ ಉಣ್ಣೆಯೋ ಉಣ್ಣೆ. ಹಾರ್ನ್ ಹೊಡೆದರೆ ಒಂದೂ ಕದಲಲಿಲ್ಲ. ಎಲ್ಲವೂ ಆ ಕಿಟಕಿಯ ಕಡೆ ಮುಖ ಎತ್ತಿ, ಪಾಪ, ಕಾಯುತ್ತಾ ನಿಂತಿದ್ದವು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಟಿಕೆಟ್ ತಗೊಂಡು ಹತ್ರಮ್ಮ, ಹಿಂದ್ಗಡೆ ಖಾಲಿ ಐತೆ" ಎಂದ.

ಅಷ್ಟರಲ್ಲಿ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಓಡಿಬಂದಳು ಪಾಲಮ್ಮ. ಫೋನಿನಲ್ಲಿದ್ದ ದನಿ ಅವಳದೇ.

ಪಾಲಮ್ಮ ಮತ್ತು ನಾನು ಒಂದೇ ಊರಿನವರು, ನಾಲ್ಕನೇ ಕ್ಲಾಸಿನ ತನಕ ಒಂದೇ ಬೆಂಚು. ಆಮೇಲೆ ಅವಳು ಕುರಿಗಳ ಹಿಂದೆ ಹೋದಳು, ನಾನು ಪುಸ್ತಕಗಳ ಹಿಂದೆ ಹೋದೆ. ಇಬ್ಬರಲ್ಲಿ ಹೆಚ್ಚು ದೂರ ನಡೆದವಳು ಅವಳೇ. ಅವಳನ್ನು ಕಂಡದ್ದೇ ನಾನು ಬಸ್ಸಿಳಿದುಬಿಟ್ಟೆ. ಬೇವಿನ ಮರದ ಕೆಳಗೆ ಕೂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ನೀನು ಫೇಮಸ್ ಆಗಿಬಿಟ್ಟೆಯಲ್ಲೇ" ಎಂದೆ.

"ನಾನಲ್ಲ ಕಣೆ, ನಮ್ಮತ್ತೆ" ಎಂದಳು.

ಅವಳ ಅತ್ತೆ ಬೋರಮ್ಮನ ತವರು ಮೊಳಕಾಲ್ಮೂರಿನ ಆಚೆ, ಜಟಿಂಗ ರಾಮೇಶ್ವರದ ಬೆಟ್ಟದ ಬುಡ. ಅಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಆಕೆ ಮದುವೆಯಾಗಿ ಬಂದಾಗ ಈ ಕಡೆಗೆ ತಂದ ಕೂಗು ಅದು, ರಾ ಅಂದರೆ ತೆಲುಗಿನಲ್ಲಿ ಬಾ. ಕನ್ನಡದ ಕುರಿಗಳು ತೆಲುಗಿಗೆ ಓಗೊಡುವುದನ್ನು ಕಲಿತವು. ಕುರಿ ಕಾಯುವವರಿಗೆಲ್ಲ ಹೀಗೆ ಅವರವರದೇ ಒಂದು ಕೂಗು ಇರುತ್ತದೆ. ನೀರಿನ ಹತ್ತಿರ ನಾಲ್ಕು ಹಿಂಡು ಕಲೆತುಹೋದರೂ ಚಿಂತೆಯಿಲ್ಲ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನಿಂತು ಕೂಗಿದರೆ ಅವರವರ ಕುರಿ ಅವರವರ ಕಡೆಗೆ. ಪಾಲಮ್ಮ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಮರಿಯೂ ಅವಳನ್ನು ಮೂಸುತ್ತಿರಲಿಲ್ಲವಂತೆ. ಅತ್ತೆ ಬೆನ್ನ ಹಿಂದೆಯೇ ನಡೆದು, ತುಟಿ ಹೀಗಿಟ್ಟುಕೋ, ಉಸಿರು ಹಾಗೆ ಬಿಡು ಅಂತ ಹೇಳಿಕೊಟ್ಟಳು. ಮಿಕ್ಕ ಸೊಸೆಯಂದಿರಿಗೆ ಅತ್ತೆ ಕಿವಿಯೋಲೆ ಕೊಟ್ಟರೆ ಇವಳಿಗೆ ಕೂಗು ಕೊಟ್ಟಳು.

ಬೋರಮ್ಮ ಹೋದ ವರ್ಷ ತೀರಿಕೊಂಡಳು.

"ಅತ್ತೆ ಹೋದ್ ಮ್ಯಾಲೆ ಕೂಗು ನನ್ನ ಬಾಯಾಗೆ ಉಳೀತು" ಎಂದಳು ಪಾಲಮ್ಮ. "ನಾನೂ ಹೋದ್ರೆ ಯಾರ ಬಾಯಾಗೆ ಇರ್ತೈತೆ? ನಮ್ಮ ಹುಡುಗ್ರು ಯಾರೂ ಕುರಿ ಹಿಂದೆ ಬರಾಕಿಲ್ಲ. ಅದ್ಕೆ ಫೋನ್ನಾಗೆ ಹಾಕ್ದೆ. ಅಲ್ಲಾದ್ರೂ ಇರ್ಲಿ ಅಂತ."

ಕೂಗು ಅಲ್ಲಿ ಇದ್ದದ್ದೇನೋ ನಿಜ, ಆದರೆ ಸುಮ್ಮನೆ ಇರಲಿಲ್ಲ. ಆ ಆ್ಯಪಿನಲ್ಲಿ ಒಬ್ಬರ ದನಿಯನ್ನು ಯಾರು ಬೇಕಾದರೂ ಎತ್ತಿಕೊಂಡು ತಮ್ಮ ವಿಡಿಯೋಗೆ ಹಚ್ಚಿಕೊಳ್ಳಬಹುದಲ್ಲ. ಹೆಂಡತಿ ಗಂಡನನ್ನು ಊಟಕ್ಕೆ ಕರೆಯಲು ಪಾಲಮ್ಮನ ಕೂಗು. ಮಲಗಿದ ಮಗುವನ್ನು ಎಬ್ಬಿಸಲು ಪಾಲಮ್ಮನ ಕೂಗು. ಚಳ್ಳಕೆರೆಯ ಮಾರ್ಕೆಟ್ಟಿನಲ್ಲಿ ಶೇಂಗಾ ಚೀಲ ಹೊರುವವರು ಒಬ್ಬರನ್ನೊಬ್ಬರು ಚಹಾಕ್ಕೆ ಕರೆಯುವ ರೀಲನ್ನು ನಾನೇ ನೋಡಿದ್ದೇನೆ. ನಮ್ಮ ಬೀದಿಯ ಆಟೋದವನಿಗೆ ಅದು ರಿಂಗ್‌ಟೋನ್.

ನಾನೇನು ಕಮ್ಮಿ? ಮಧ್ಯಾಹ್ನ ಉಂಡಾದ ಮೇಲೆ ನಾನೂ ಆ ಆ್ಯಪಿನೊಳಕ್ಕೆ ಇಳಿಯುತ್ತೇನೆ. ಇಳಿದರೆ ಮೇಲೆ ಬರುವುದು ಸಂಜೆಗೇ. ಒಂದು ಮುಖ, ಅದರ ಹಿಂದೆ ಇನ್ನೊಂದು ಮುಖ, ಯಾರದೋ ಮದುವೆ, ಯಾರದೋ ಒಗ್ಗರಣೆ, ಯಾರದೋ ಅಳು. ಒಂದು ದಿನ ಹಾಗೇ ಕಣ್ಣು ಹತ್ತಿ, ಎಲ್ಲೋ ಆ ಕೂಗು ಕೇಳಿದಂತಾಗಿ, ಕನಸು ಬಿತ್ತು. ಚಳ್ಳಕೆರೆಯ ಜನವೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ತಲೆ ಎತ್ತಿದ್ದಾರೆ. ಎಣ್ಣೆ ಮಿಲ್ಲಿನವರು, ಬಸ್‌ಸ್ಟ್ಯಾಂಡಿನವರು, ನಾನು, ಎಲ್ಲರೂ ಹುಲ್ಲುಗಾವಲಿನ ಕಡೆ ನಡೆಯುತ್ತಿದ್ದೇವೆ. ಯಾರು ಕರೆದರು, ಯಾಕೆ ಕರೆದರು, ಯಾರೂ ಕೇಳುತ್ತಿಲ್ಲ. ಎದ್ದಾಗ ಬಹಳ ಹಿತವಾಗಿತ್ತು. ಹಿತವಾಗಿತ್ತಲ್ಲ ಅಂತ ಆಮೇಲೆ ಹೆದರಿಕೆಯೂ ಆಯಿತು.

ಈ ಆ್ಯಪುಗಳ ಸುರಕ್ಷತೆಯ ಬಗ್ಗೆ ನಾವು ಮಾತಾಡದೆ ಇದ್ದೇವೆಯೇ? ಹಿಂದೆ ಒಂದನ್ನು ಬ್ಯಾನ್ ಮಾಡಿದಾಗ ನಮ್ಮೂರಿನ ಯುವಜನ ಒಂದು ವಾರ ಸೂತಕದಲ್ಲಿತ್ತು. ಅಷ್ಟರಲ್ಲಿ ಅದರ ತಂಗಿಯಂಥದ್ದೊಂದು ಬಂತು, ಸೂತಕ ಕಳೆಯಿತು. ನಮ್ಮ ಮಾಹಿತಿ ಎಲ್ಲಿಗೋ ಹೋಗುತ್ತದಂತೆ, ಯಾರೋ ಕೂಡಿಡುತ್ತಾರಂತೆ ಅಂತ ಓದುತ್ತೇವೆ. ಓದಿ, ಅದನ್ನೂ ಶೇರ್ ಮಾಡಿ, ಮುಂದಿನ ರೀಲಿಗೆ ಹೋಗುತ್ತೇವೆ.

ಆವತ್ತು ಬೇವಿನ ಮರದ ಕೆಳಗೆ ನಾನೂ ಪಾಲಮ್ಮನಿಗೆ ಉಪದೇಶ ಮಾಡಿದೆ. ಲೊಕೇಶನ್ ಆಫ್ ಮಾಡು, ಸಿಕ್ಕಸಿಕ್ಕದ್ದಕ್ಕೆಲ್ಲ ಪರ್ಮಿಷನ್ ಕೊಡಬೇಡ ಎಂದೆ. ಅಲ್ಲೇ ಹಿಂದೆ ಸಂಶೋಧನೆಯ ಕ್ಯಾಂಪಸ್ಸೊಂದರ ಉದ್ದನೆಯ ಗೋಡೆ ಇತ್ತು. ಅದು ವಿಡಿಯೋದಲ್ಲಿ ಬರಬಾರದು ಅಂತ ಕಾವಲಿನವರು ಒಮ್ಮೆ ಹೇಳಿಹೋಗಿದ್ದರಂತೆ.

"ಗೋಡೆ ನಾನು ಕಟ್ಟಿದ್ದಾ? ಅದೇ ಬಂದು ನನ್ನ ಹಿಂದೆ ನಿಂತೈತೆ" ಎಂದಳು. "ಆಮ್ಯಾಲಿಂದ ಈ ಕಡೆ ತಿರುಗಿ ವಿಡಿಯೋ ಮಾಡ್ತೀನಿ ಬಿಡು. ಅವರತ್ರ ಮುಚ್ಚಿಡಾದು ಏನೇನೋ ಇರ್ತೈತೆ. ನನ್ನತ್ರ ಕದಿಯಾಕೆ ಏನೈತೆ?"

ನಾವೆಲ್ಲರೂ ಹೇಳುವ ಮಾತೇ ಅದು. ನಿಜ ಹೇಳಬೇಕೆಂದರೆ ಪಾಲಮ್ಮ ನನಗಿಂತ ಜಾಣೆ. ಕುರಿ ಎಷ್ಟಿವೆ ಅಂತ ಕೇಳಿ ನೋಡಿ, "ಅವೆ ಒಂದಿಷ್ಟು" ಅನ್ನುತ್ತಾಳೆ. ನಾಳೆ ಯಾವ ಕಡೆ ಅಂತ ಕೇಳಿ, "ಅವು ಹೋದ ಕಡೆ" ಅನ್ನುತ್ತಾಳೆ. ಎಣಿಕೆ ಹೇಳಬಾರದು, ತಂಗುವ ಜಾಗ ಹೇಳಬಾರದು, ಎಳೆ ಮರಿಯನ್ನು ಕಂಡವರ ಕಣ್ಣಿಗೆ ಬೀಳಿಸಬಾರದು, ಇದೆಲ್ಲ ಅವರಲ್ಲಿ ಹುಟ್ಟಿದಾಗಿನಿಂದ ಕಲಿತ ಕಟ್ಟುಪಾಡು. ಅವಳ ಯಾವ ವಿಡಿಯೋದಲ್ಲೂ ಒಂದು ಎಳೆ ಮರಿ ಕಾಣುವುದಿಲ್ಲ. ಆದರೆ ಕೂಗನ್ನು ಬಚ್ಚಿಡಬೇಕು ಅಂತ ಹಿರಿಯರು ಯಾರೂ ಹೇಳಿರಲಿಲ್ಲ. ಕೂಗು ಅಂದರೇ ಗಟ್ಟಿಯಾಗಿ ಕೂಗುವುದು. ಅದನ್ನು ಬಚ್ಚಿಡುವುದಾದರೂ ಹೇಗೆ?

ಬಸ್ಸಿನ ಪ್ರಸಂಗವಾಗಿ ಎರಡು ವಾರವೂ ಕಳೆದಿರಲಿಲ್ಲ, ಪಾಲಮ್ಮನ ಫೋನ್ ಬಂತು.

ಮಧ್ಯಾಹ್ನ ಅದೇ ಮರದ ಕೆಳಗೆ ಬುತ್ತಿ ಬಿಚ್ಚಿದ್ದಳಂತೆ. ಬಿಸಿಲು, ಗಾಳಿ, ಕಣ್ಣು ಎಳೆಯುತ್ತಿತ್ತು. ದಿಬ್ಬದ ಆಚೆಯಿಂದ ಯಾರೋ ಕರೆದರು. ರಾ... ರಾವಮ್ಮಾ... ರಾ...

"ಮೊದಲು ಅತ್ತೆ ಅಂದ್ಕಂಡೆ ಕಣೆ" ಎಂದಳು. "ಸತ್ಯವಾಗ್ಲೂ. ಮೈಯೆಲ್ಲ ತಣ್ಣಗಾತು. ಎದ್ದು ಹೋಗಾನ ಅನ್ನಿಸ್ತು. ಆಮ್ಯಾಲೆ ನೋಡ್ತೀನಿ, ನನ್ನ ದನಿ. ನಾನು ಇಲ್ಲಿ ಕುಂತೀನಿ, ನನ್ನ ದನಿ ಅಲ್ಲಿ ನಿಂತು ಕರೀತೈತೆ."

ಅವಳು ದಿಬ್ಬ ಹತ್ತುವಷ್ಟರಲ್ಲಿ ಲಗೇಜ್ ಆಟೋವೊಂದು ಧೂಳೆಬ್ಬಿಸಿಕೊಂಡು ಹೊರಟಿತ್ತು. ಮುಂದೆ ಹೋಗಿದ್ದ ಒಂದಿಷ್ಟು ಕುರಿ ಅದರೊಳಗೆ. ಹಿಂದೆ ಉಳಿದವು ಆಟೋವನ್ನು ಅಟ್ಟಿಸಿಕೊಂಡು ಓಡುತ್ತಿದ್ದವು. ಪಾಲಮ್ಮ ಬಾಯಿ ಬಿಟ್ಟು ಕೂಗಿದಳು. ಆಟೋದ ಫೋನೂ ಕೂಗುತ್ತಲೇ ಇತ್ತು. ಕುರಿಗಳು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗಿದವು. ಎರಡೂ ಪಾಲಮ್ಮನೇ, ಅವು ಯಾರ ಕಡೆ ಹೋಗಬೇಕು?

ಕಂಪ್ಲೇಂಟ್ ಕೊಡು ಎಂದೆ.

"ಏನಂತ ಕೊಡ್ಲಿ? ನನ್ನ ದನಿ ನನ್ನ ಕುರಿ ಹೊಡ್ಕಂಡು ಹೋತು ಅಂತ್ಲಾ?" ಎಂದಳು. ಆಮೇಲೆ ಕೊಟ್ಟಳು. ಕುರಿ ಇನ್ನೂ ಸಿಕ್ಕಿಲ್ಲ. ವಿಡಿಯೋವನ್ನೂ ಡಿಲೀಟ್ ಮಾಡಿದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಷ್ಟರಲ್ಲಿ ಅದು ಅದೆಷ್ಟೋ ಜನರ ರೀಲಿನಲ್ಲಿ ಅತ್ತೆ, ಸೊಸೆ, ಗಂಡ, ಮಕ್ಕಳನ್ನು ಕರೆಯುತ್ತಿತ್ತು. ನೀವು ಪಾಸ್‌ವರ್ಡ್ ಬದಲಾಯಿಸಬಹುದು, ಎಟಿಎಂ ಪಿನ್ ಬದಲಾಯಿಸಬಹುದು. ಸತ್ತ ಅತ್ತೆ ಕಲಿಸಿಹೋದ ಕೂಗನ್ನು?

ಬದಲಾಯಿಸಿದಳು. ಬೇರೆ ದಾರಿ ಇರಲಿಲ್ಲ.

ಮೊನ್ನೆ ಸಂಜೆ ನೋಡಲು ಹೋಗಿದ್ದೆ. ಹುಲ್ಲಿನ ಮೇಲೆ ಬಿಸಿಲು ಹಳದಿಯಾಗಿ ಮಲಗಿತ್ತು. ಹೊಸ ಕೂಗನ್ನು ಹಿಂಡಿಗೆ ರೂಢಿ ಮಾಡಿಸಲು ಅವಳು ದಿನವೂ ಕೂಗಿ, ಬಂದವಕ್ಕೆಲ್ಲ ಅಂಗೈಯಲ್ಲಿ ಉಪ್ಪು ನೆಕ್ಕಿಸುತ್ತಿದ್ದಳಂತೆ. ನನ್ನನ್ನು ಕಂಡು ಮೊದಲು ಕೇಳಿದ್ದು, "ಫೋನ್ ಐತಾ?"

ಸ್ವಿಚ್ ಆಫ್ ಮಾಡಿದೆ. ಸಾಲದು ಎಂದಳು. ಬೇವಿನ ಬುಡದಲ್ಲಿ ಚೀಲದ ಸಮೇತ ಇಟ್ಟು, ಅವಳ ಹಿಂದೆ ಬಹಳ ದೂರ ನಡೆದೆ. ಅಲ್ಲಿ ನಿಂತು ಅವಳು ಹೊಸ ಕೂಗು ಕೂಗಿದಳು. ಹಿಂಡು ನಿಧಾನವಾಗಿ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಮ್ಮ ಕಡೆ ಬಂತು.

ಒಂದು ಮುದಿ ಕುರಿ ಮಾತ್ರ ಬರಲಿಲ್ಲ. ಬೋರಮ್ಮ ಕೈಯಾರೆ ಹಾಲು ಕುಡಿಸಿ ಸಾಕಿದ ಕುರಿಯಂತೆ. ಅದೇ ಹೊತ್ತಿಗೆ ದೂರದ ರಸ್ತೆಯಲ್ಲಿ ಯಾರದೋ ಬೈಕ್ ಹೋಯಿತು, ಜೇಬಿನಲ್ಲಿದ್ದ ಫೋನು ಕೂಗಿತು. ರಾ... ರಾವಮ್ಮಾ... ಮಿಕ್ಕವು ಕಿವಿ ನಿಮಿರಿಸಿ, ಮತ್ತೆ ಉಪ್ಪಿಗೆ ಬಾಯಿ ಹಾಕಿದವು. ಆ ಮುದಿ ಕುರಿ ಮಾತ್ರ ರಸ್ತೆಯ ಕಡೆ ಹೊರಟಿತು. ಪಾಲಮ್ಮ ಬೈಯಲಿಲ್ಲ, ಕೋಲು ಎತ್ತಲಿಲ್ಲ. ಹಿಂದೆಯೇ ಹೋಗಿ, ಅದರ ಕುತ್ತಿಗೆ ಅಪ್ಪಿಕೊಂಡು, ಕಿವಿಯಲ್ಲಿ ಏನೋ ಹೇಳುತ್ತಾ ಮೆಲ್ಲಗೆ ತಿರುಗಿಸಿಕೊಂಡು ಬಂದಳು. ಏನು ಹೇಳಿದೆ ಅಂತ ನಾನು ಕೇಳಲಿಲ್ಲ. ಅತ್ತೆಯ ಕೂಗೇ ಇರಬೇಕು, ಅದಕ್ಕೊಂದಕ್ಕೇ ಕೇಳಿಸುವಷ್ಟು ಸಣ್ಣಗೆ.

ಹೊಸ ಕೂಗು ಹೇಗಿತ್ತು ಅಂತ ಕೇಳಬೇಡಿ, ನೀವು ಇದನ್ನು ಓದುತ್ತಿರುವುದೂ ಫೋನಿನಲ್ಲೇ ಅಲ್ಲವೇ?