ಕೆರೆ ಕಡೆ ಅಲ್ಲ, ತೋಪಿನ ಹಿಂದೆ

ಫೋನಲ್ಲಿ ಟೈಪ್ ಮಾಡೋದು ಈಗೀಗ ಕಲ್ತಿದ್ದೀನಿ. ಒಂದು ಒತ್ತಕ್ಷರ ಹುಡುಕೋಷ್ಟರಲ್ಲಿ ಒಲೆ ಮೇಲಿನ ಬೇಳೆ ಸೀದು ಹೋಗುತ್ತೆ. ಆದ್ರೂ ಈ ದಿಣ್ಣೆ ವಿಷ್ಯ ಬರೀದೆ ಇದ್ರೆ ನಂಗೆ ಸಮಾಧಾನ ಇಲ್ಲ.

ನಮ್ಮೂರು ಮಂಚೇನಹಳ್ಳಿ ಕಡೆ. ಇಲ್ಲಿ ಹೆಂಗಸರು ಒಡವೆ ಇಟ್ಟಿರೋ ಜಾಗ ಬೇಕಾದ್ರೂ ಹೇಳ್ತಾರೆ, ಬೆರಕೆ ಸೊಪ್ಪು ಕುಯ್ಯೋ ಜಾಗ ಹೇಳಲ್ಲ. ಅಣ್ಣೆ, ಗೋಣಿ, ಕೊಮ್ಮೆ, ಕನ್ನೆ, ಯಾರೂ ಬಿತ್ತದೆ ತಾನಾಗೇ ಹುಟ್ಟೋ ಸೊಪ್ಪು. ಎಲ್ಲಾ ಸೇರಿಸಿ ಬಸ್ಸಾರು ಮಾಡಿದ್ರೆ ಇನ್ನೊಂದು ಮುದ್ದೆ ಬೇಕು ಅನ್ಸುತ್ತೆ. "ಎಲ್ಲಿ ಕುಯ್ದೆ ಅಕ್ಕಾ?" ಅಂತ ಯಾರಾದ್ರೂ ಕೇಳಿದ್ರೆ "ಅಲ್ಲೇ, ಕೆರೆ ಕಡೆ" ಅನ್ನೋದು. ನಮ್ಮತ್ತೇನೂ ಹಂಗೇ ಅಂತಿದ್ರು. ಕೆರೆ ಕಡೆ ಅಲ್ಲ ಅಂತ ಕೇಳಿದೋರಿಗೂ ಗೊತ್ತಿರುತ್ತೆ.

ಹೋದ ಬೇಸಿಗೇಲಿ ಪಂಚಾಯ್ತಿಯ ಜೀವವೈವಿಧ್ಯ ಕಮಿಟಿಯೋರು ಬಂದ್ರು. ಊರಲ್ಲಿ ಏನೇನು ಗಿಡ, ಹಕ್ಕಿ, ಸೊಪ್ಪು ಇದೆ, ಎಲ್ಲೆಲ್ಲಿದೆ ಅಂತ ಒಂದು ದಾಖಲೆ ಪುಸ್ತಕದಲ್ಲಿ ಬರ್ಕೊಳ್ಳೋಕೆ. ನಮ್ಮ ಬಾಯಲ್ಲಿ ಅದು ಗಿಡದ ಬುಕ್ಕು. ಹಾಲಿನ ಡೈರಿ ಮುಂದೆ ಹೆಂಗಸರನ್ನ ಕೂರಿಸಿ ಕೇಳಿದ್ರು. ಹೆಸರೆಲ್ಲಾ ಹೇಳಿದ್ವಿ. ಜಾಗ ಕೇಳಿದ ತಕ್ಷಣ ನನ್ನ ಓರಗಿತ್ತಿ "ಕೆರೆ ಕಡೆ" ಅಂದ್ಲು. ನಾವೆಲ್ಲಾ "ಹೂಂ, ಕೆರೆ ಕಡೆ" ಅಂದ್ವಿ. ಪಾಪ, ಹಂಗೇ ಬರ್ಕೊಂಡ್ರು. ಗುಂಡುತೋಪಿನ ಹಿಂದಿನ ದಿಣ್ಣೇನೂ ನೋಡಿದ್ರು. ಬಿಸಿಲಿಗೆ ಬೋಳಾಗಿತ್ತು, "ಖಾಲಿ" ಅಂತ ಬರೆದ್ರು. ನಂಗೆ ಒಳಗೊಳಗೇ ಖುಷಿ. ನಾನು ಸೊಪ್ಪು ಕುಯ್ತಿದ್ದಿದ್ದು ಆ ದಿಣ್ಣೇಲೇ.

ಆಮೇಲೆ ಗ್ರಾಮಸಭೆ, ಊರಿನ ಕಸದ ಶೆಡ್ಡಿಗೆ ಜಾಗ ಗೊತ್ತು ಮಾಡೋಕೆ. ಪಿಡಿಓ ಮೇಡಂ ಆ ಬುಕ್ಕು ತೆಗೆದ್ರು. "ಕೆರೆ ಕಡೆ ಸೊಪ್ಪಿದೆ ಅಂತ ನೀವೇ ಹೇಳಿದ್ದೀರಿ, ಅದನ್ನ ಮುಟ್ಟಲ್ಲ. ಕಸದ ಶೆಡ್ಡು ತೋಪಿನ ಹಿಂದೆ ಹಾಕಣ, ಅಲ್ಲೇನೂ ಇಲ್ಲ. ಸೋಮವಾರ ಜೆಸಿಬಿ ಬರುತ್ತೆ."

ನಂಗೆ ಕುರ್ಚಿ ಮೇಲೆ ಕೂರೋಕಾಗ್ಲಿಲ್ಲ. ಬಾಯಿ ಬಿಟ್ರೆ ಜಾಗ ಊರಿಗೆಲ್ಲಾ ಗೊತ್ತಾಗುತ್ತೆ. ಬಿಡದಿದ್ರೆ ದಿಣ್ಣೇನೇ ಇರಲ್ಲ. ಸೆರಗು ತಿರುಚ್ತಾ ಎದ್ದು ನಿಂತೆ.

"ಮೇಡಂ, ಅದು ಖಾಲಿ ಅಲ್ಲ. ಮಳೆ ಬಿದ್ಮೇಲೆ ನೋಡಿ, ಬರೀ ಸೊಪ್ಪು."

"ಮತ್ತೆ ಕೆರೆ ಕಡೆ ಅಂದ್ರಲ್ಲಜ್ಜಿ?"

"ಸೊಪ್ಪಿನ ಜಾಗ ಯಾರಾದ್ರೂ ಹೇಳ್ತಾರೇನವ್ವಾ?"

ಸಭೆಯೆಲ್ಲಾ ನಕ್ತು. ಓರಗಿತ್ತಿ ಮಾತ್ರ ನಗ್ಲಿಲ್ಲ. "ಅಯ್ಯೋ ನಿನ್ನ! ನನ್ನ ದಿಣ್ಣೆಗೆ ನೀನೂ ಬರ್ತಿದ್ಯಾ ಅಕ್ಕಾ? ಅದಕ್ಕೇ ಕೊಮ್ಮೆ ಕುಡಿಯೆಲ್ಲಾ ಚಿವುಟಿರ್ತಿತ್ತು!"

"ನಿಂದು ಅಂತ ಯಾರೇ ಬರ್ಕೊಟ್ಟೋರು? ನಾನು ಮೇಕೆ ಮೇಯ್ತಿದೆ ಅನ್ಕೊಂಡಿದ್ದೆ. ನೀನೇನಾ ಅದು?"

ಮೇಡಂ ಮೇಜು ತಟ್ಟಿದ್ರು. "ಬಾಯಿ ಮಾತಿಗೆ ಬುಕ್ಕು ತಿದ್ದೋಕಾಗಲ್ಲ, ಕಮಿಟಿಯೋರು ಕಣ್ಣಾರೆ ನೋಡ್ಬೇಕು. ಮುಂದಿನ ಸಭೆವರೆಗೂ ಜೆಸಿಬಿ ನಿಲ್ಲಿಸ್ತೀನಿ. ಅಷ್ಟರೊಳಗೆ ತೋರ್ಸಿ."

ತೋರ್ಸೋದು ಏನನ್ನ? ಮಳೇನೇ ಇಲ್ಲ. ತೊಂಡೇಬಾವಿ ಕಡೆ ಹುಯ್ತಂತೆ. ನಮಗೆ ಬರೀ ಗಾಳಿ, ಧೂಳು. ದಿನಾ ಡೈರಿಗೆ ಹಾಲು ಹಾಕಿ ಬರ್ತಾ ದಿಣ್ಣೆ ಹತ್ತೋದು, ನೆಲ ಕೆದಕೋದು, ಇಳಿಯೋದು. ಊಟಕ್ಕೆ ಕೂತ್ರೂ ಕಣ್ಣು ಆಕಾಶದ ಮೇಲೇ. ಒಂದಿನ ತಡೀಲಾರದೆ ಒಂದು ಕೊಡ ನೀರು ಹೊತ್ಕೊಂಡು ಹೋದೆ. ನೋಡಿದ್ರೆ ಓರಗಿತ್ತಿ ಬಗ್ಗಿ ನಿಂತಿದ್ದಾಳೆ.

"ಇಷ್ಟು ದೊಡ್ಡ ದಿಣ್ಣೆಗೆ ಕೊಡದಲ್ಲಿ ನೀರು ಹಾಕ್ತೀಯಾ ಅಕ್ಕಾ? ತಲೆ ಕೆಟ್ಟಿದ್ಯಾ?"

"ನಿನ್ನ ಹಿಂದೆ ಇರೋದೇನೇ, ಮೊಸರಿನ ಗಡಿಗೇನಾ?"

ಅವಳ ಹಿಂದೇನೂ ಒಂದು ಖಾಲಿ ಕೊಡ. ಇಬ್ರೂ ಹೊಟ್ಟೆ ಹಿಡ್ಕೊಂಡು ನಕ್ವಿ.

ಸಭೆ ಹತ್ರ ಬಂದಾಗ ಕೊನೆಗೂ ಮಳೆ ಹುಯ್ತು. ನಾಕು ದಿನಕ್ಕೆ ನೆಲ ಹಸಿರಾಯ್ತು. ಕಮಿಟಿಯೋರು ಬಂದ್ರು, ನಾವಿಬ್ರೂ ಪೈಪೋಟಿ ಮೇಲೆ ಒಂದೊಂದೇ ಎಲೆ ತೋರಿಸಿದ್ವಿ. ಫೋಟೋ ಹಿಡಿದ್ರು. "ಖಾಲಿ" ಅನ್ನೋದು ಹೊಡೆದು ಹಾಕಿ, ಈ ಜಾಗಾನ ಮಳೆ ಆದ್ಮೇಲೆ ನೋಡ್ಬೇಕು ಅಂತಾನೂ ಬರೆದ್ರು. ಶೆಡ್ಡು ಹಳೇ ನೀರಿನ ಟ್ಯಾಂಕಿನ ಪಕ್ಕಕ್ಕೆ ಹೋಯ್ತು.

ದಿಣ್ಣೆ ಉಳೀತು. ಆದ್ರೆ ಈಗ ಬೆಳಗಾದ್ರೆ ಅರ್ಧ ಊರು ಅಲ್ಲಿರುತ್ತೆ. ಕೆಲವರು ಬೇರು ಸಮೇತ ಕೀಳ್ತಾರೆ. "ಕುಡಿ ಚಿವುಟ್ರೇ, ಬೇರು ಬಿಡ್ರೇ, ನಾಳೆಗೂ ಬೇಕು" ಅಂತ ನಾನು ಕೂಗ್ತೀನಿ. ಬೇರು ಕೀಳಬಾರದು ಅಂತ ಬುಕ್ಕಲ್ಲಿ ಬರೀರಿ ಅಂದಿದ್ದೀನಿ, ಸಭೇಲಿ ಇಡ್ತೀವಿ ಅಂದಿದ್ದಾರೆ. ಅಲ್ಲಿವರೆಗೂ ನಾನೇ ಕಾವಲು.

ಬಚ್ಚಿಡೋಕೆ ಏನೂ ಉಳಿದಿಲ್ಲ, ಓರಗಿತ್ತಿ ನಾನು ಈಗ ಜೊತೇಲೇ ಹೋಗ್ತೀವಿ. ಅವಳ ಮಡಿಲಲ್ಲಿ ಸೊಪ್ಪು ನಂದಕ್ಕಿಂತ ಬೇಗ ತುಂಬ್ತಾ ಇದ್ರೆ ಮಾತ್ರ ನಂಗೆ ನಿಂತಲ್ಲಿ ನಿಲ್ಲೋಕಾಗಲ್ಲ.