ಹೇರ್‌ಪಿನ್ನಿಗೆ ತೆರೆಯುವ ಬೀಗ

ನನ್ನ ಮಾವ ಬೀಗ ರಿಪೇರಿ ಮಾಡುತ್ತಾರೆ. ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿದೆ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ರಸ್ತೆಯಲ್ಲಿ ನಿಲ್ಲಬೇಕು. ಅಗ್ಗದ ಬೀಗ ಕೇಳಿದವರಿಗೆ ಅವರು ಇಲ್ಲ ಎನ್ನುವುದಿಲ್ಲ. ಬೀಗವನ್ನು ಮೇಜಿನ ಮೇಲಿಟ್ಟು, ಹೇರ್‌ಪಿನ್ನಿನಿಂದ ತೆಗೆದು, "ಕಟ್ಟಿಕೊಡ್ಲಾ?" ಎಂದು ಕೇಳುತ್ತಾರೆ. ಇದುವರೆಗೆ ಯಾರೂ ಹೂಂ ಅಂದಿಲ್ಲ.

ಫೋನ್ ಮಾಡಿದರೆ ಬಂದೇ ಬರುತ್ತಾರೆ ಎಂಬ ಹೆಸರು ಅವರಿಗೆ ಮೂವತ್ತು ವರ್ಷದಿಂದ ಇದೆ. ಬಾಯಲ್ಲಿ ತುತ್ತಿದ್ದರೂ ಮೂರನೇ ರಿಂಗಿನೊಳಗೆ ಎತ್ತುತ್ತಾರೆ. ಆಸ್ತಿ ಅಂತ ಇರುವುದು ಆ ಹೆಸರೊಂದೇ.

ಈಗ ಜನ ಎಲ್ಲವನ್ನೂ ಫೋನಿನಲ್ಲೇ ಹುಡುಕುತ್ತಾರಲ್ಲ ಎಂದು ನಾನೇ ಅವರಿಗೊಂದು ವೆಬ್‌ಸೈಟ್ ಮಾಡಿದೆ. ಅದನ್ನು ಇಡಲು ಬಾಡಿಗೆ ಜಾಗ ಬೇಕು, ಹೋಸ್ಟಿಂಗ್ ಎನ್ನುತ್ತಾರೆ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದು ವಾರ ಜಾಲಾಡಿ ಎರಡು ಕಂಪನಿ ಉಳಿಸಿದೆ. ಒಂದರ ಬಾಡಿಗೆ ಇನ್ನೊಂದರ ಮೂರನೇ ಒಂದು ಪಾಲು. ಆದರೆ ಅದು ಆಗಾಗ ಕೈಕೊಡುತ್ತದೆ, ಕೇಳಿದರೆ ಉತ್ತರ ಬರಲು ಎರಡು ದಿನ ಎಂದು ಬಳಸಿದವರು ಬರೆದಿದ್ದರು. ದುಬಾರಿ ಕಂಪನಿಯಲ್ಲಿ ಫೋನ್ ಎತ್ತುವ ಮನುಷ್ಯರಿದ್ದರು. ಎರಡನ್ನೂ ಮಾವನಿಗೆ ವಿವರಿಸಿದೆ.

"ಬೋರ್ಡು ನಮ್ದು. ಅದನ್ನ ತೂಗುಹಾಕೋ ಮೊಳೆಗೆ ಅಷ್ಟು ಯಾಕಮ್ಮ ಕೊಡ್ಬೇಕು?" ಎಂದರು.

ನನಗೂ ಡೈಪರಿನ ಖರ್ಚು ಕಣ್ಣಮುಂದಿತ್ತು. ಅಗ್ಗದ್ದನ್ನೇ ಹಿಡಿದೆವು.

ಅದೇ ವಾರ ಮಾವ ಷಟರಿಗೆ ಬಣ್ಣ ಹೊಡೆಸಿದರು. ವೆಬ್‌ಸೈಟಿನಲ್ಲಿ ಇದ್ದಮೇಲೆ ಇಲ್ಲೂ ಯಾಕೆ ಎಂದು ಫೋನ್ ನಂಬರನ್ನು ಅಳಿಸಿಬಿಟ್ಟರು.

ಆಮೇಲೆ ಒಂದು ಗುರುವಾರ ಬೆಳಗಿನಿಂದ ಒಂದೂ ಕರೆ ಬರಲಿಲ್ಲ. ಅಂಗಡಿ ಮುಚ್ಚಿ ಊಟಕ್ಕೆ ಬಂದ ಮಾವ, ಜನಕ್ಕೆ ಕೀಲಿಕೈ ಜೋಪಾನ ಮಾಡುವ ಬುದ್ಧಿ ಬಂದಿರಬೇಕು ಎಂದು ನಿಧಾನವಾಗಿ ಉಂಡರು. ಕೈ ತೊಳೆಯುವಷ್ಟರಲ್ಲಿ ಆಚೆ ಬೀದಿಯ ಟೈಲರಮ್ಮ ಏದುಸಿರು ಬಿಡುತ್ತ ಬಂದರು. ಅವರ ಎರಡು ವರ್ಷದ ಮಗ ಹೊಲಿಗೆ ಕೋಣೆಯೊಳಗೆ ಹೋಗಿ ಬಾಗಿಲು ತಳ್ಳಿದ್ದ. ಬೀಗ ತಾನಾಗಿ ಬಿದ್ದಿತ್ತು, ಕೀಲಿ ಒಳಗೆ. ಪಕ್ಕದ ಮನೆಯವರನ್ನು ಬಾಗಿಲ ಬಳಿ ನಿಲ್ಲಿಸಿ ಅಂಗಡಿಗೆ ಓಡಿದರೆ, ಷಟರಿನ ಮೇಲೆ ನಂಬರಿಲ್ಲ. ಫೋನಿನಲ್ಲಿ ಹುಡುಕಿದರೆ ನಮ್ಮ ವೆಬ್‌ಸೈಟ್ ಬರೀ ಬಿಳಿ ಪುಟ. ಜೆರಾಕ್ಸ್ ಅಂಗಡಿಯವನು ನಮ್ಮ ಮನೆ ಹೇಳುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು.

"ನೀವು ಫೋನಿಗೆ ಸಿಕ್ಕೇ ಸಿಗ್ತೀರಿ ಅಂತಿದ್ರಲ್ಲ ಎಲ್ಲಾರೂ," ಎಂದರು. ಬೈದಿದ್ದರೆ ವಾಸಿಯಿತ್ತು.

ಮಾವ ಚಪ್ಪಲಿ ಹಾಕದೆ ಹೊರಟರು. ಮಗಳನ್ನು ಎತ್ತಿಕೊಂಡು ನಾನೂ ಹಿಂದೆ ಹೋದೆ. ಎರಡು ನಿಮಿಷದಲ್ಲಿ ಬಾಗಿಲು ತೆರೆಯಿತು. ಮಗು ಅತ್ತೂ ಅತ್ತೂ ಬಟ್ಟೆಚೂರುಗಳ ರಾಶಿಯ ಮೇಲೆ, ಯಾರದೋ ಅರ್ಧ ಹೊಲಿದ ಕೋಟನ್ನು ತಬ್ಬಿಕೊಂಡು ನಿದ್ದೆಹೋಗಿತ್ತು. ನನ್ನ ಮಗಳನ್ನು ಬಿಗಿಯಾಗಿ ಹಿಡಿದುಕೊಂಡೆ; ಅವಳು ನನ್ನ ಓಲೆ ಎಳೆದಳು.

ಮಾವ ದುಡ್ಡು ಮುಟ್ಟಲಿಲ್ಲ. ಅಂಗಡಿಗೆ ಬಂದು ಅಗ್ಗದ ಬೀಗವೊಂದನ್ನು ಮೇಜಿನ ಮೇಲಿಟ್ಟು ಹೇರ್‌ಪಿನ್ನಿನಿಂದ ತೆಗೆದರು.

"ನನಗೆ ಹೀಗೆ ತೋರಿಸೋರು ಯಾರೂ ಇರ್ಲಿಲ್ಲ ನೋಡು."

"ನಾನು ಹೇಳಿದ್ದೆ, ಮಾವ."

"ಹೇಳಿದ್ದೆ. ನಿನ್ ಕೈಲಿ ಹೇರ್‌ಪಿನ್ ಇರ್ಲಿಲ್ಲ."

ಮರುದಿನ ದುಬಾರಿ ಕಂಪನಿಗೆ ಅವರೇ ಫೋನ್ ಮಾಡಿದರು. ಎರಡನೇ ರಿಂಗಿಗೆ ಆ ಕಡೆ ಎತ್ತಿದರು. ಮಾವ ಮಾತಾಡದೆ ಇಟ್ಟರು. ಊಟದ ಹೊತ್ತಿಗೆ ಮತ್ತೆ, ಅಂಗಡಿ ಮುಚ್ಚುವಾಗ ಮತ್ತೆ, ಭಾನುವಾರ ಎರಡು ಸಲ. ಐದನೇ ಸಲ ಆ ಕಡೆಯವರು, ಏನು ಬೇಕಾಗಿತ್ತು ಸಾರ್ ಎಂದು ವಿಚಾರಿಸಿದಾಗ, "ಏನೂ ಬೇಡಪ್ಪ, ನೀವು ಪಾಸು" ಎಂದರು.

ವೆಬ್‌ಸೈಟ್ ಈಗ ಅಲ್ಲಿದೆ. ಬಾಡಿಗೆ ಕಟ್ಟುವಾಗ ಮಾವ ನಿಟ್ಟುಸಿರು ಬಿಡುತ್ತಾರೆ, ಕಟ್ಟುತ್ತಾರೆ. ಷಟರಿನ ಮೇಲೆ ನಂಬರು ಮೊದಲಿಗಿಂತ ದೊಡ್ಡದಾಗಿ ಬಂದಿದೆ. ಅದರ ಕೆಳಗೆ ಮನೆಯ ವಿಳಾಸ, ಅದರ ಕೆಳಗೆ ನನ್ನ ನಂಬರು. ನನ್ನನ್ನು ಕೇಳಿರಲಿಲ್ಲ. ನಿನ್ನೆ ಮಗಳಿಗೆ ಉಣಿಸುವಾಗ ಫೋನ್ ಬಂತು. ಮೂರನೇ ರಿಂಗಿನೊಳಗೆ ಎತ್ತಿದೆ.