ಅತ್ತೆಯ ಬಲಗಿವಿಗೊಂದು ಪ್ಲೇಯರ್

ನಮ್ಮ ಸೋದರತ್ತೆ ಮಧ್ಯಾಹ್ನ ಊಟವಾದ ಮೇಲೆ ಮಲಗುವುದಿಲ್ಲ. ನಿದ್ದೆಯ ಹೊಸಿಲ ಮೇಲೆ ಸುಮ್ಮನೆ ಕೂತಿರುತ್ತಾರೆ. ಬಸವೇಶ್ವರನಗರದ ನಮ್ಮ ಮನೆಯ ನಡುಕೋಣೆಯ ಗೋಡೆ ಮೇಲೆ ಆ ಹೊತ್ತಿಗೆ ಹೊಂಗೆಮರದ ನೆರಳು ಮೆಲ್ಲಗೆ ಅಲ್ಲಾಡುತ್ತಿರುತ್ತದೆ. ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ. ಅತ್ತೆಯ ತುಟಿ ಸದ್ದಿಲ್ಲದೆ ಏನನ್ನೋ ಹಾಡಿಕೊಳ್ಳುತ್ತಿರುತ್ತದೆ.

ಏನೆಂದು ನನಗೆ ಗೊತ್ತು. ಎಷ್ಟೋ ವರ್ಷ ನಮ್ಮ ಬೀದಿಯ ಏಳು ಹೆಂಗಸರು ಪ್ರತಿ ಸೋಮವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ಭಜನೆ ಮಾಡುತ್ತಿದ್ದರು. ಒಮ್ಮೆ ನಾನು ಜಮಖಾನದ ನಡುವೆ ಟೇಪ್ ರೆಕಾರ್ಡರ್ ಇಟ್ಟು ಇಡೀ ಭಜನೆಯನ್ನು ಕ್ಯಾಸೆಟ್ಟಿಗೆ ಇಳಿಸಿದ್ದೆ. ಆ ಏಳು ಜನರಲ್ಲಿ ಈಗ ಉಳಿದವರು ಅತ್ತೆ ಒಬ್ಬರೇ. ಅವರ ಎಡಗಿವಿ ಆಗಲೇ ಮುಚ್ಚಿಹೋಗಿದೆ. ಬಲಗಿವಿಯೂ ದಿನದಿನಕ್ಕೆ ಮಂದವಾಗುತ್ತಿದೆ. ಅದು ಪೂರ್ತಿ ಹೋಗುವುದರೊಳಗೆ ಒಂದು ಸಲವಾದರೂ ಆ ಭಜನೆಯನ್ನು ಮೊದಲಿನಿಂದ ಕೊನೆಯವರೆಗೆ ಅವರಿಗೆ ಕೇಳಿಸಬೇಕೆಂದು ನಾನು ಹಟ ಹಿಡಿದೆ.

ಕ್ಯಾಸೆಟ್ಟಿನ ಹಾಡುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ಹೆಸರು ಕೊಟ್ಟು, ಒಂದು ಹಳೆಯ ಮೊಬೈಲಿಗೆ ತುಂಬಿದೆ. ಮೊದಲು ತಂದ ಪುಟ್ಟ ಇಯರ್‌ಬಡ್ ನೋಡಿ ಅತ್ತೆ, "ಕಿವಿಗೆ ಕಡಲೆಬೀಜ ತುರುಕ್ತೀಯೇನೋ?" ಎಂದರು. ಸರಿ, ವಿಜಯನಗರದ ಅಂಗಡಿಗೆ ಹೋದೆ.

"ಇದು ತಗೊಳ್ಳಿ ಸಾರ್, ದೊಡ್ಡ ಹೆಡ್‌ಫೋನು. ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಕೇಳಲ್ಲ. ಯಾರಿಗೆ?" ಎಂದ ಅಂಗಡಿಯವನು.

"ಅತ್ತೆಗೆ."

"ಹಾಗಾದ್ರೆ ನೀವೂ ಒಂದು ತಗೊಳ್ಳಿ ಸಾರ್."

"ಹೆಣ್ಣು ಕೊಟ್ಟ ಅತ್ತೆ ಅಲ್ಲಪ್ಪ, ನಮ್ಮಪ್ಪನ ತಂಗಿ!"

ಮೆತ್ತನೆಯ ಆ ಹೆಡ್‌ಫೋನು ಅತ್ತೆಗೆ ಒಗ್ಗಿತು. ಆದರೆ ಒಂದು ದಿನ ನಾಲ್ಕು ಹಾಡು ಕೇಳಿದರೆ ಇನ್ನೊಂದು ದಿನ ಒಂದೇ ಹಾಡಿಗೆ ತೆಗೆದಿಟ್ಟು ಎದ್ದುಬಿಡುತ್ತಿದ್ದರು. "ಸದ್ದು ಸಾಲ್ದಾ ಅತ್ತೆ?" ಎಂದರೆ, "ಚೆನ್ನಾಗಿತ್ತು ಕಣಪ್ಪ" ಎನ್ನುವರು. ಅರ್ಧ ಊಟಕ್ಕೆ ಕೈತೊಳೆದ ನೆಂಟರು ಅಡುಗೆ ಹೊಗಳಿದ ಹಾಗೆ.

ತಪ್ಪು ಮೊಬೈಲಿನಲ್ಲಿ ಹಾಡು ನುಡಿಸುವ ಪ್ಲೇಯರ್ ಆ್ಯಪಿನದೇ ಎಂದುಕೊಂಡೆ. ಒಂದರಲ್ಲಿ ನಡುನಡುವೆ ಜಾಹೀರಾತು ಬಂತು, ತೆಗೆದುಹಾಕಿದೆ. ಇನ್ನೊಂದರಲ್ಲಿ ಬೇಸ್ ಇಳಿಸಿ ದನಿ ಏರಿಸಬಹುದಿತ್ತು. ಡೋಲಕ್ಕಿನ ಸದ್ದು ತಗ್ಗಿ ಮಾತು ತಿಳಿಯಾಯಿತು, ಆದರೂ ಅತ್ತೆ ಎರಡನೆಯ ಹಾಡಿಗೇ ಎದ್ದರು. ಮೂರನೆಯದರಲ್ಲಿ ಹಾಡಿನ ಜೊತೆ ಬಣ್ಣದ ಅಲೆಗಳು ಕುಣಿಯುತ್ತಿದ್ದವು. ಅದನ್ನು ನೋಡುತ್ತಾ ನನಗೇ ಜೊಂಪು ಹತ್ತಿತೇ ಹೊರತು ಅತ್ತೆ ಕೂರಲಿಲ್ಲ. ಪ್ರತಿ ಪ್ಲೇಯರಿನಲ್ಲೂ ಒಂದು ಕೆಲಸವನ್ನು ಮಾತ್ರ ಮರೆಯದೆ ಮಾಡಿದ್ದೆ: ದಿನಾ ಒಂದೇ ಸಾಲಿನಲ್ಲಿ ಕೇಳಿ ಬೇಜಾರಾಗದಿರಲೆಂದು ಹಾಡುಗಳನ್ನು ಕಲಸಿ ನುಡಿಸುವ ಷಫಲ್ ಗುಂಡಿ ಒತ್ತಿಟ್ಟಿದ್ದೆ.

ಒಂದು ಮಧ್ಯಾಹ್ನ ಮೊಬೈಲನ್ನು ಕೈಯಲ್ಲೇ ಹಿಡಿದು ಅವರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಎರಡನೆಯ ಹಾಡು ಮುಗಿಯುತ್ತಲೇ ಅತ್ತೆ ಕೊರಳಿನ ಲಿಂಗದ ಕರಡಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೆಡ್‌ಫೋನು ತೆಗೆದು ಎದ್ದರು.

"ಯಾಕತ್ತೆ ಎದ್ರಿ?"

"ಮಂಗಳ ಆಯ್ತಲ್ಲೋ. ಇನ್ನೇನು ನಿನ್ನ ಮುಖ ನೋಡ್ಕೊಂಡು ಕೂತ್ಕೊಳ್ಲಾ?"

ಪರದೆ ನೋಡಿದೆ. ನಾನೇ ಬರೆದ ಹೆಸರು: ಮಂಗಳ. ಭಜನೆಯಲ್ಲಿ ಮಂಗಳ ಹಾಡಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಮತ್ತೊಂದು ಹಾಡು ಹಾಡುವಂತಿಲ್ಲ, ಪ್ರಸಾದ ಹಂಚಿ ಏಳುವುದೇ. ಚಿಕ್ಕಂದಿನಿಂದ ಆ ಜಮಖಾನದ ಅಂಚಿನಲ್ಲಿ ಬೆಳೆದವನು ನಾನು. ಆದರೂ ಹೊಳೆದಿರಲಿಲ್ಲ.

"ಇನ್ನೂ ಹನ್ನೊಂದು ಹಾಡು ಇದ್ವು ಅತ್ತೆ! ಹೇಳ್ಬಾರ್ದಾ?"

"ನೀನೇ ದಿನಾ ಇಷ್ಟಿಷ್ಟೇ ಹಾಕ್ತಿದೀಯ ಅಂದ್ಕೊಂಡೆ. ಒಂದೇ ಹಾಡಿಗೆ ಮಂಗಳ ಮಾಡಿಸ್ತಾನಲ್ಲ, ಎಂಥಾ ಜಿಪುಣ ಅಂತ!"

ಬಣ್ಣ, ಅಲೆ ಯಾವುದೂ ಇಲ್ಲದ, ಇಟ್ಟ ಸಾಲಿನಲ್ಲಿ ಹಾಡುವುದೊಂದೇ ಗೊತ್ತಿರುವ ಬಡಪಾಯಿ ಪ್ಲೇಯರೊಂದನ್ನು ಹುಡುಕಿದೆ. ಕ್ಯಾಸೆಟ್ಟನ್ನು ಮತ್ತೆ ಕೇಳಿ ಹಾಡುಗಳಿಗೆ ಒಂದರಿಂದ ಹದಿಮೂರರವರೆಗೆ ಅಂಕಿ ಹಾಕಿದೆ. ಮಂಗಳ ಹದಿಮೂರನೆಯದು.

ಸೋಮವಾರ ಮಧ್ಯಾಹ್ನ ಅತ್ತೆ ಕೂತರು. ಹೆಡ್‌ಫೋನಿನ ಹೊರಗಿದ್ದ ನನಗೆ ಏನೂ ಕೇಳಿಸುತ್ತಿರಲಿಲ್ಲ. ಮೂರನೆಯ ಹಾಡು ಕಳೆಯಿತು, ಐದನೆಯದೂ ಕಳೆಯಿತು. ಅತ್ತೆ ಕಣ್ಣು ಮುಚ್ಚಿಯೇ, ತಮಗೆ ಅರಿವಿಲ್ಲದ ಗಟ್ಟಿ ದನಿಯಲ್ಲಿ ಗದರಿದರು: "ನಿಧಾನ ಕಣೇ! ಯಾರು ಅಟ್ಟಿಸ್ಕೊಂಡ್ ಬರ್ತಿದಾರೆ?" ಸ್ವಲ್ಪ ಹೊತ್ತು ಬಿಟ್ಟು ನಕ್ಕರು. ಎಂಟನೆಯದಕ್ಕೋ ಒಂಬತ್ತನೆಯದಕ್ಕೋ, "ಬನ್ನಿ ಬನ್ನಿ... ಸ್ವಲ್ಪ ಸರ್ಕೊಳ್ರಮ್ಮ, ಅವರಿಗೂ ಜಾಗ ಬಿಡಿ" ಎಂದರು. ನಾನೂ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡೆ. ಗೋಡೆಯ ಮೇಲಿನ ನೆರಳು ಆಗ ಬಾಗಿಲ ತನಕ ಹೋಗಿತ್ತು.

ಹದಿಮೂರನೆಯದು ಮುಗಿಯಿತು. ಅತ್ತೆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಹೆಡ್‌ಫೋನು ತೆಗೆದು, ಕೋಣೆಯನ್ನೆಲ್ಲ ಒಮ್ಮೆ ನೋಡಿದರು.

"ಎಲ್ರನ್ನೂ ಹಾಗೇ ಕಳಿಸ್ಬಿಟ್ಯಲ್ಲೋ, ಒಂದ್ ಲೋಟ ಕಾಫೀನೂ ಕೊಡ್ದೆ."

ನಾನು ಒಳಗೆ ಹೋಗಿ ಹಾಲು ಕಾಯಲಿಟ್ಟೆ.